ಕುಚ್ಚು ಕಟ್ಟುವವರ ನಂಬರು

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸರಿಯಾದ ಕೆಲಸ ಸಿಗುವವರೆಗೆ, ಸುಮಾರು ಒಂದು ವರ್ಷ, ನಾನು ಫೋನಿನಲ್ಲಿ ಪುಕ್ಕಟೆಯಾಗಿ ನಂಬರು ಹುಡುಕಿಕೊಡುವ ಒಂದು ಕಂಪನಿಯಲ್ಲಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಊರಿನ ಹೆಸರು ಚೆನ್ನೈ ಎಂದಾಗಿತ್ತು, ಫೋನ್ ಮಾಡುವವರು ಮಾತ್ರ ಇನ್ನೂ ಮದ್ರಾಸ್ ಎನ್ನುತ್ತಿದ್ದರು. ಕೊಳಾಯಿ ರಿಪೇರಿ, ಮದುವೆಗೆ ನಾಗಸ್ವರದವರು, ನಾಯಿ ಡಾಕ್ಟರು, ಯಾವುದನ್ನು ಕೇಳಿದರೂ ಕಂಪ್ಯೂಟರಿನಲ್ಲಿ ಹುಡುಕಿ ಮೂರು ನಂಬರು ಕೊಡುತ್ತಿದ್ದೆವು. ನಂಬರಲ್ಲದ ಪ್ರಶ್ನೆಗಳೂ ಬರುತ್ತಿದ್ದವು. ಗ್ರಹಣ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದೊಬ್ಬರು, ಕಡಲೆಬೇಳೆ ನೆನೆಹಾಕಿ ಮರೆತಿದ್ದೇನೆ, ಇನ್ನು ಅರೆಯಬಹುದೇ ಎಂದೊಬ್ಬರು. ಗೊತ್ತಿದ್ದರೆ ಹೇಳುತ್ತಿದ್ದೆವು.

ನನಗೆ ಆ ಕೆಲಸ ಹಿಡಿಸಿತ್ತು. ಎದುರಿಗೆ ಕೂತವರೊಂದಿಗೆ ಮಾತಾಡುವುದಕ್ಕೆ ನಾನು ಹಿಂಜರಿಯುವವಳು. ಅಲ್ಲಿ ಎದುರಿಗೆ ಯಾರೂ ಇರುತ್ತಿರಲಿಲ್ಲ. ನಮ್ಮ ಹೆಸರು ಹೇಳುವಂತಿರಲಿಲ್ಲ, ಕೇಳಿದರೆ ಸೀಟಿನ ನಂಬರು ಮಾತ್ರ. ಪ್ರತಿ ನಂಬರನ್ನೂ ಎರಡು ಸಲ ಓದಬೇಕು. ಯಾವ ಅಂಗಡಿ ಒಳ್ಳೆಯದು ಎಂದು ಅಭಿಪ್ರಾಯ ಕೊಡಬಾರದು. ಇಷ್ಟು ಸ್ಪಷ್ಟವಾದ ನಿಯಮಗಳಿದ್ದರೆ ನಾನೂ ಸರಾಗವಾಗಿ ಮಾತಾಡಬಲ್ಲೆ ಎಂದು ಆಗ ಗೊತ್ತಾಯಿತು.

ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಸುಮ್ಮನೆ ಎಂಬಂತೆ ಕೇಳಿದಳು, ಸೀರೆಗೆ ಕುಚ್ಚು ಕಟ್ಟುವವರೂ ನಿಮ್ಮ ಪಟ್ಟಿಯಲ್ಲಿ ಇದ್ದಾರಾ ಎಂದು. ಹಾಗೊಂದು ಹೆಡಿಂಗೇ ಇಲ್ಲ ಎಂದೆ. ಅದು ನಿಜವಾಗಿತ್ತು. ಬ್ಯಾಂಕಿನಲ್ಲಿದ್ದ ಅಪ್ಪ ನಕ್ಕು, "ಸೀರೆಗೆ ಜುಟ್ಟು ಕಟ್ಟಿಸೋಕೆ ಯಾರೇ ಫೋನ್ ಮಾಡ್ತಾರೆ?" ಅಂದರು. ಅಮ್ಮ ಸಾರಿನ ಪಾತ್ರೆ ಮುಂದೆ ತಳ್ಳಿದಳು.

ಅಮ್ಮ ಮೈಸೂರಿನ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಅಕ್ಕಪಕ್ಕದವರ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಸೆರಗಿನ ಎಳೆಗಳನ್ನು ಬಿಡಿಸಿ, ಸೌಕಾರ್‌ಪೇಟೆಯಿಂದ ತಂದ ರೇಷ್ಮೆದಾರ ಸೇರಿಸಿ, ಮಣಿ ಪೋಣಿಸಿ, ಗಂಟು ಹಾಕುತ್ತಿದ್ದಳು. ಅವರು ಬಾಳೆಹಣ್ಣೋ ಹೂವೋ ತಂದುಕೊಡುತ್ತಿದ್ದರು. ಇದರಲ್ಲಿ ಅಮ್ಮನಿಗೆ ಕೊರತೆ ಅನ್ನಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ. "ಗುರುತಿನವರಿಗೆ ಮಾಡಿದ್ರೆ ಉಪಕಾರ ಅಂತಾರೆ. ಗುರುತಿಲ್ಲದವರು ಹುಡುಕ್ಕೊಂಡು ಬಂದ್ರೆ ತಾನೇ ಅದು ಕೆಲಸ" ಎಂದು ಬಹಳ ಕಾಲದ ಮೇಲೆ ಒಮ್ಮೆ ಹೇಳಿದಳು.

ನನ್ನ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು. ಒಂದು ದಿನ ಜೊತೆಯವಳೊಬ್ಬಳಿಗೆ ಅಕ್ಕನ ಸೀಮಂತವಿತ್ತು. ಅವಳ ಬದಲಿಗೆ ಮಧ್ಯಾಹ್ನವೂ ಕೂತೆ, ಮನೆಗೆ ತಿಳಿಸಿರಲಿಲ್ಲ. ಎರಡೂಕಾಲಕ್ಕೆ ಬಂದ ಕರೆ ಅಮ್ಮನದು. ನಾನು ಲೋಕಲ್ ಟ್ರೇನಿನಲ್ಲಿ ಇರುತ್ತೇನೆಂದು ಲೆಕ್ಕ ಹಾಕಿಯೇ ಮಾಡಿದ್ದಳು. ಆ "ಹಲೋ" ಕೇಳಿದ ತಕ್ಷಣ ನನಗೆ ತಿಳಿಯಿತು. ಅವಳಿಗೆ ತಿಳಿಯಲಿಲ್ಲ. ಕೆಲಸಕ್ಕೆಂದು ಕಲಿಸಿದ ನನ್ನ ಧ್ವನಿ ತುಸು ಎತ್ತರದ್ದು, ತಮಿಳೂ ಮನೆಯಲ್ಲಿ ಆಡದ ಅಚ್ಚುಕಟ್ಟಿನ ತಮಿಳು.

ತರಕಾರಿ ಅಂಗಡಿಯಲ್ಲಿ ಕಲಿತ ತನ್ನ ತಮಿಳಿನಲ್ಲಿ ಅಮ್ಮ ನಿಧಾನವಾಗಿ ಹೇಳಿದಳು: ತಾನು ಸೀರೆಗೆ ಕುಚ್ಚು ಕಟ್ಟುವುದಾಗಿಯೂ, ತನ್ನ ನಂಬರನ್ನೂ ಪಟ್ಟಿಗೆ ಸೇರಿಸಬೇಕೆಂದೂ. ಇದು ನಾನೇ ಎಂದುಬಿಟ್ಟರೆ ಅವಳು ಫೋನ್ ಇಟ್ಟುಬಿಡುತ್ತಾಳೆ, ಮತ್ತೆಂದೂ ಮಾಡುವುದಿಲ್ಲ. ಅದು ನನಗೆ ಖಚಿತವಿತ್ತು. ಹಾಗಾಗಿ ಫಾರಂನಲ್ಲಿ ಇದ್ದಂತೆ ಒಂದೊಂದೇ ಕೇಳುತ್ತಾ ಹೋದೆ. ಎಷ್ಟು ವರ್ಷದಿಂದ? ಇಪ್ಪತ್ತನಾಲ್ಕು. ಹೆಸರು? ತನ್ನ ಹೆಸರನ್ನು ಬಿಡಿಸಿ ಬಿಡಿಸಿ, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗಿಯಂತೆ ಹೇಳಿದಳು. ಮುಂದಿನ ಪ್ರಶ್ನೆಯನ್ನೂ ಅದೇ ಓಟದಲ್ಲಿ ಕೇಳಿಬಿಟ್ಟೆ: ಫೋನ್ ಯಾರ ಹೆಸರಿನಲ್ಲಿದೆ?



ಈ ಪ್ರಶ್ನೆಯನ್ನು ಬೇರೆ ಯಾರು ಕೇಳಿದ್ದರೂ ಸರಿ, ನಾನು ಕೇಳಬಾರದಿತ್ತು. ಅಮ್ಮ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕಾರ್ಡನ್ನೇ ಮುಂದೆ ಹಿಡಿಯುತ್ತಿದ್ದಳು. ಆಸ್ಪತ್ರೆಯಲ್ಲಿ ನನ್ನ ಕಡೆ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ. ಈಗ ಮನೆಯಲ್ಲಿ ಅವಳೊಬ್ಬಳೇ.

"ಅಯ್ಯೋ, ಇದನ್ನ ಹೆಂಗೆ ಹೇಳ್ಲಿ" ಎಂದು ಕನ್ನಡದಲ್ಲಿ ತನಗೆ ತಾನೇ ಅಂದುಕೊಂಡಳು.

ನನ್ನ ಹಿಂದೆ ಸೂಪರ್‌ವೈಸರ್ ಓಡಾಡುತ್ತಿದ್ದರು. ಅಪ್ಪನ ಹೆಸರನ್ನು ನಾನೇ ಟೈಪ್ ಮಾಡಿ, ಪರವಾಗಿಲ್ಲ, ಆಯಿತು ಎಂದೆ. ಹೇಳದೆಯೇ ಆಯಿತೇ ಎಂದು ಅಮ್ಮ ಕೇಳಿದಳು. ನಮ್ಮ ಹತ್ತಿರ ಇದೆ ಎಂದೆ. ಏರಿಯಾ ಕೇಳುವುದನ್ನೂ, ನಂಬರು ಕೇಳುವುದನ್ನೂ ಮರೆತು ಎರಡನ್ನೂ ತುಂಬಿಬಿಟ್ಟಿದ್ದೇನೆಂದು ಗಮನಿಸುವ ಹೊತ್ತಿಗೆ ತಡವಾಗಿತ್ತು. ಆಮೇಲೆ ಅಮ್ಮ ಕನ್ನಡದಲ್ಲೇ ಕೇಳಿದಳು.

"ಊಟ ಮಾಡಿದ್ಯಾ?"

"ಆಯಿತು ಮೇಡಂ" ಎಂದೆ, ತಮಿಳಿನಲ್ಲಿ.

"ಸರಿ, ಇಡ್ತೀನಿ."

ಆ ಸಂಜೆ ಮನೆಯಲ್ಲಿ ನಾವಿಬ್ಬರೂ ಈ ಮಾತೆತ್ತಲಿಲ್ಲ. ಪಾಳಿ ಬದಲಾಗಿತ್ತು ಎಂದೆ, ಅಷ್ಟೆ.

ಆದರೆ ಫಾರಂ ತುಂಬಿದರೆ ಪಟ್ಟಿಗೆ ಸೇರಿದಂತಲ್ಲ. ಹೆಡಿಂಗ್ ಬೇಕು. ಹೆಡಿಂಗ್ ಇಲ್ಲದ ಹೆಸರು ಕಂಪ್ಯೂಟರಿನಲ್ಲಿದ್ದರೂ ಯಾರ ಕೈಗೂ ಸಿಗುವುದಿಲ್ಲ. ಸೂಪರ್‌ವೈಸರ್ ಹತ್ತಿರ ಹೋಗಿ ಹೊಸ ಹೆಡಿಂಗ್ ಕೇಳಿದೆ. ಇದುವರೆಗೆ ಕುಚ್ಚು ಬೇಕೆಂದು ಎಷ್ಟು ಜನ ಕೇಳಿದ್ದಾರೆ ಎಂದರು. ಯಾರೂ ಕೇಳಿಲ್ಲ ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಸೀರೆ ಫಾಲ್ಸ್ ಮತ್ತು ಪಿಕೋ ಎಂಬ ಹೆಡಿಂಗಿನ ಕೆಳಗೆ ಹಾಕಿ, ಪಕ್ಕದಲ್ಲಿ ಕುಚ್ಚು ಎಂದು ಬರೆದುಕೋ ಎಂದರು.

ಇನ್ನೊಂದು ನಿಯಮ ಉಳಿದಿತ್ತು. ಫೋನ್ ಯಾರ ಹೆಸರಿನಲ್ಲಿದೆಯೋ ಅವರನ್ನೇ ಕರೆದು ಒಪ್ಪಿಗೆ ಕೇಳಬೇಕು. ಅವರು ಬೇಡವೆಂದರೆ ಹೆಸರನ್ನು ಅಳಿಸಬೇಕು. ನನ್ನ ಪಕ್ಕದ ಮೇಜಿನ ಅಕ್ಕ ಈ ಕೆಲಸ ಮಾಡುತ್ತಿದ್ದರು. ಶನಿವಾರ ಬ್ಯಾಂಕಿಗೆ ಅರ್ಧ ದಿನ. ಅಕ್ಕ ನಮ್ಮ ಮನೆಗೆ ಫೋನ್ ಮಾಡಿದ್ದು ಶನಿವಾರ ಮಧ್ಯಾಹ್ನ, ಆ ದಿನ ನನಗೂ ಮಧ್ಯಾಹ್ನದ ಪಾಳಿ. ನನಗೆ ಕೇಳಿಸುತ್ತಿದ್ದುದು ಅಕ್ಕನ ಮಾತು ಮಾತ್ರ. ಹೌದು ಸಾರ್, ಪುಕ್ಕಟೆ. ಇಲ್ಲ ಸಾರ್, ನಾವಾಗಿ ಹಾಕಿದ್ದಲ್ಲ, ಆ ಅಮ್ಮನೇ ಫೋನ್ ಮಾಡಿ ಹಾಕಿಸಿದ್ದು. ಆಮೇಲೆ ಅಕ್ಕ ಬಹಳ ಹೊತ್ತು ಬರೀ "ಸರಿ ಸಾರ್, ಸರಿ ಸಾರ್" ಎನ್ನುತ್ತಾ ಏನೋ ಬರೆದುಕೊಳ್ಳುತ್ತಿದ್ದರು. ನನ್ನ ಲೈನಿನಲ್ಲಿದ್ದವರಿಗೆ ಒಂದೇ ನಂಬರನ್ನು ನಾಲ್ಕು ಸಲ ಓದಿದೆ.

ಫೋನ್ ಇಟ್ಟು ಅಕ್ಕ, ಈ ಮನುಷ್ಯ ತಲೆ ತಿಂದುಬಿಟ್ಟರು ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. 'ಒಪ್ಪಿಗೆ' ಎಂದಷ್ಟೇ ಬರೆಯುವ ಜಾಗದಲ್ಲಿ ಅಂಚಿನವರೆಗೂ ಬರವಣಿಗೆ. ಒಂದರಿಂದ ಮೂರರವರೆಗೆ ಫೋನ್ ಮಾಡಬಾರದು, ಆಕೆ ಮಲಗುವ ಹೊತ್ತು. ರೇಷ್ಮೆ ಸೀರೆಗೆ ನಾಲ್ಕು ದಿನ ಬೇಕು, ಅವಸರ ಮಾಡಬಾರದು. ದಾರದ ಬಣ್ಣ ನೋಡಲು ಸೀರೆಯನ್ನೇ ತರಬೇಕು, ಬಾಯಲ್ಲಿ ಹೇಳಿದರೆ ಆಗದು. ಅಪ್ಪ ಇಷ್ಟೆಲ್ಲ ಗಮನಿಸಿದ್ದರೆಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿದ್ದಿರಲಾರದು. ಅಷ್ಟನ್ನೂ ಒಂದಕ್ಷರ ಬಿಡದೆ ಟೈಪ್ ಮಾಡಿದೆ.

ಮೂರು ವಾರ ಏನೂ ಆಗಲಿಲ್ಲ. ಅಮ್ಮ ಕೇಳಲಿಲ್ಲ, ಆದರೆ ಫೋನ್ ಮೊಳಗಿದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಪ್ಪನಿಗಿಂತ ಮೊದಲು ಬರುತ್ತಿದ್ದಳು.

ಆಮೇಲೊಂದು ದಿನ ರಾಯಪುರಂನಿಂದ ಒಬ್ಬ ಹೆಂಗಸಿನ ಕರೆ ನನ್ನ ಸೀಟಿಗೇ ಬಂತು. ತಂಗಿಯ ಮದುವೆ, ಐದು ಸೀರೆಗಳಿಗೆ ಫಾಲ್ಸ್ ಹೊಲಿಸಬೇಕು. ಕ್ರಮದ ಪ್ರಕಾರ ಮೂರು ನಂಬರು ಓದಿದೆ. ಮೂರನೆಯದು ಅಮ್ಮನದು. ಪಕ್ಕದಲ್ಲಿ ಬರೆದದ್ದನ್ನೂ ಓದಬೇಕಾದ್ದರಿಂದ ಓದಿದೆ. ಕುಚ್ಚೂ ಕಟ್ಟುತ್ತಾರಾ ಎಂದು ಆಕೆ ತಡೆದಳು. ಕ್ರೋಂಪೇಟೆ ದೂರವಾಯಿತು ಎಂದಳು. ಬೀಚ್ ಸ್ಟೇಷನ್ನಿನಿಂದ ಒಂದೇ ಟ್ರೇನು ಎಂದೆ. ಕಡೆಗೆ, ಚೆನ್ನಾಗಿ ಕಟ್ಟುತ್ತಾರಾ ಎಂದಳು.

"ಅದು ನಾವು ಹೇಳೋ ಹಾಗಿಲ್ಲಮ್ಮ. ನೀವೇ ಕೇಳಿ ನೋಡಿ."

ಗೋಡೆಯ ಗಡಿಯಾರದಲ್ಲಿ ಒಂದಕ್ಕೆ, ಅಮ್ಮ ಮಲಗುವ ಹೊತ್ತಿಗೆ, ಹತ್ತು ನಿಮಿಷ ಇತ್ತು. ನಂಬರನ್ನು ಇನ್ನೊಂದು ಸಲ, ಒಂದೊಂದೇ ಅಂಕಿ ಬಿಡಿಸಿ ಓದಿದೆ. ಈಗಲೇ ಫೋನ್ ಮಾಡಿಬಿಡಿ ಎಂದೆ.