ನಿನ್ನನ್ನು ಕರೆದಿರಲಿಲ್ಲ, ರತ್ನಕ್ಕ

ರತ್ನಕ್ಕ, ಆಸ್ಪತ್ರೆಯವರು ಅವತ್ತು ನಿನ್ನನ್ನು ಮತ್ತೆ ಕರೆದಿರಲಿಲ್ಲ. ಕರೆದದ್ದು ನನ್ನೊಬ್ಬಳನ್ನೇ. ನಿನ್ನ ಎದೆಯ ಚಿತ್ರದಲ್ಲಿ ಯಾವ ದೋಷವೂ ಇರಲಿಲ್ಲ — ಇದೆ ಎಂದು ಹೇಳಿದವಳು ನಾನು, ನಿನ್ನ ವಾರಗಿತ್ತಿ, ನೀನು ಒಡಹುಟ್ಟಿದವಳಿಗಿಂತ ಹೆಚ್ಚು ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಮಂಜುಳ. ನಾಲ್ಕು ವರ್ಷವಾಯಿತು.

ವಕ್ಕಲೇರಿಯ ಡೇರಿಯ ಹೆಂಗಸರನ್ನೆಲ್ಲ ಕೋಲಾರಕ್ಕೆ ಕರೆದುಕೊಂಡು ಹೋಗಿ ಮ್ಯಾಮೊಗ್ರಾಂ ಮಾಡಿಸಿದ್ದರಲ್ಲ, ನಮ್ಮಿಬ್ಬರಿಗೂ ಅದೇ ಮೊದಲು. ನಿನ್ನ ಫೋನು ಯಾವಾಗಲೂ ಮಗಳ ಕೈಯಲ್ಲಿ ಎಂದು ಇಬ್ಬರ ಹೆಸರಿನ ಮುಂದೆಯೂ ನನ್ನ ನಂಬರನ್ನೇ ಬರೆಸಿದ್ದೆವು. ಹತ್ತನೆಯ ದಿನ ಫೋನ್ ಬಂತು. ರತ್ನಮ್ಮನವರದು ಸರಿಯಾಗಿದೆ, ಮಂಜುಳ ಅವರ ಎಡಗಡೆ ಏನೋ ಕಾಣುತ್ತಿದೆ, ಇನ್ನೊಂದು ಸಲ ಚಿತ್ರ ತೆಗೆದು ಸ್ಕ್ಯಾನಿಂಗ್ ಮಾಡಬೇಕು, ಹೆದರಬೇಡಿ ಎಂದರು. ಹದಿನೆಂಟು ದಿನ ಬಿಟ್ಟು ಬರಹೇಳಿದರು. ಹೆದರಬೇಡಿ ಎಂದು ಹೇಳಿ ಫೋನ್ ಇಡುವುದಕ್ಕೆ ಅವರಿಗೇನು —

ನಾನು ಹಜಾರಕ್ಕೆ ಬಂದಾಗ ನೀನು ಅವರೆಕಾಳು ಹಿತುಕುತ್ತ, ಟಿವಿ ನೋಡಿ ನಗುತ್ತಿದ್ದೆ. ಆ ನಗು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು. ನನಗೊಬ್ಬಳಿಗೇ ಯಾಕೆ — ಇವಳಿಗೆ ಯಾಕಿಲ್ಲ — ಅಷ್ಟೇ ತಲೆಯಲ್ಲಿದ್ದದ್ದು.

"ಅಕ್ಕ, ಇಬ್ರೂ ಮತ್ತೆ ಬರ್ಬೇಕಂತೆ. ಇಬ್ರದೂ ಸರಿಯಾಗಿ ಬಂದಿಲ್ವಂತೆ," ಎಂದೆ.

ನಿನ್ನ ತವರು ಮುಳಬಾಗಿಲಿನಾಚೆ, ಹೆದರಿದರೆ ನಿನಗೆ ಮೊದಲು ತೆಲುಗೇ ಬರುವುದು. "ಭಯಮೇಸ್ತಾ ಉಂದಿ ಮಂಜೂ... ಭಯ ಆಗ್ತೈತೆ ಕಣೇ," ಎಂದು ನನ್ನ ಸೆರಗು ಹಿಡಿದುಕೊಂಡೆ.

ಆಡಿದ ಸುಳ್ಳನ್ನು ಅಲ್ಲೇ ನುಂಗಿಕೊಳ್ಳಬಹುದಿತ್ತು. ನುಂಗಲಿಲ್ಲ, ಏಕೆಂದರೆ — ನನಗೆ ಹಗುರವಾಯಿತು. ಇದನ್ನು ಬರೆಯುವುದಕ್ಕೇ ಇಷ್ಟು ವರ್ಷ ಹಿಡಿಯಿತು. ನಿನ್ನ ಊಟ ಕಡಿಮೆಯಾದಂತೆಲ್ಲ ನನಗೆ ಅನ್ನ ಸೇರತೊಡಗಿತು. ಹಸುವಿನ ಪಕ್ಕ ಕೂತು ನೀನು ಅಳುವಾಗ ನಾನು ಬೆನ್ನು ಸವರಿ ಧೈರ್ಯ ಹೇಳುತ್ತಿದ್ದೆ. ನಿನಗೆ ಹೇಳಿದ ಧೈರ್ಯದಲ್ಲೇ ನನ್ನ ದಿನ ಕಳೆಯುತ್ತಿತ್ತು. ಒಂದು ದಿನ ನೀನು ಸ್ವಲ್ಪ ಚೇತರಿಸಿಕೊಂಡು, ಏನಾಗುತ್ತೋ ಆಗಲಿ ಎಂದು ನಕ್ಕೆ. ಅವತ್ತು ನಾನು ಬೇಕೆಂದೇ, ಹೋಳೂರಿನಲ್ಲಿ ಒಬ್ಬಳು ಹೀಗೇ ಆರು ತಿಂಗಳಲ್ಲಿ ಹೋಗಿಬಿಟ್ಟಳೆಂದು ಕಥೆ ಕಟ್ಟಿ ಹೇಳಿದೆ. ನೀನು ಅಲ್ಲೇ ಕುಸಿದು ಕೂತೆ. ನಾನು ಒಳಗೆ ಹೋಗಿ ನೆಮ್ಮದಿಯಾಗಿ ಮುದ್ದೆ ತಿರುವಿದೆ.

ಕೊನೆಗೆ ಆ ದಿನ ಬಂತು. ನಿನ್ನನ್ನು ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ನನ್ನದು ಬರೀ ನೀರು ತುಂಬಿದ ಗುಳ್ಳೆ, ಏನೂ ಮಾಡಬೇಕಾಗಿಲ್ಲ ಎಂದರು. ಹೊರಗೆ ಬಂದ ನಾನು, ನಿನ್ನ ಹಳೆಯ ಚಿತ್ರವನ್ನೇ ಇನ್ನೊಮ್ಮೆ ನೋಡಿದರು, ನಿನ್ನದೂ ಸರಿಯಿದೆಯಂತೆ ಎಂದೆ. ನೀನು ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡೆ. "ನೀನಿಲ್ದಿದ್ರೆ ನಾನು ತಡ್ಕೊಳ್ತಿರ್ಲಿಲ್ಲ ಕಣೇ," ಎಂದೆ. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಇಬ್ಬರದೂ ಒಳ್ಳೆಯದಾದರೆ ಮುಡಿ ಕೊಡುತ್ತೇನೆಂದು ನೀನು ಹರಕೆ ಹೊತ್ತಿದ್ದು ತಿಳಿದದ್ದು ವಾಪಸು ಬರುವಾಗ, ಬಸ್ಸಿನಲ್ಲಿ. ಆ ಶನಿವಾರವೇ ಚಿಕ್ಕತಿರುಪತಿಗೆ ಹೋದೆವು. ಸೊಂಟ ದಾಟಿದ ಆ ಜಡೆಯನ್ನು ಬಿಚ್ಚಿ ನೀನು ತಲೆ ಬಗ್ಗಿಸಿ ಕೂತೆ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅದನ್ನು ನೋಡಿ ಹೊಟ್ಟೆ ಉರಿದುಕೊಂಡವಳು ನಾನು. ಬೇಡ ಅಕ್ಕ ಎನ್ನಲು ಬಾಯಿ ಬರಲಿಲ್ಲ — ಅಲ್ಲ, ಇದೂ ಸುಳ್ಳು. ಬಾಯಿತ್ತು, ತೆರೆಯಲಿಲ್ಲ. ನಾನು ಮೂರು ಕತ್ತರಿ ಕೂದಲು ಕೊಟ್ಟು ಎದ್ದೆ. ನಿನ್ನ ಬೋಳುತಲೆಗೆ ಗಂಧ ಹಚ್ಚಿದವಳೂ ನಾನೇ.

ಇಷ್ಟಕ್ಕೇ ಮುಗಿದಿದ್ದರೆ ಸಾಯುವವರೆಗೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ನಾನು ಅಂಥವಳೇ. ಆದರೆ ಹೋದ ಸೋಮವಾರ ನೀನು ನನ್ನನ್ನು ಬಚ್ಚಲಿಗೆ ಕರೆದು, ಬಲಗಡೆಯ ಎದೆಯಲ್ಲಿ ಗಂಟು ಮುಟ್ಟಿಸಿದೆ. ಹುಣಸೆಬೀಜದಷ್ಟಿತ್ತು, ಗಟ್ಟಿಯಾಗಿತ್ತು. ಆಸ್ಪತ್ರೆಗೆ ಹೋಗೋಣ ಎಂದರೆ ನೀನು ಬೇಡವೆಂದು ತಲೆಯಾಡಿಸಿಬಿಟ್ಟೆ.

"ಆ ಹದಿನೆಂಟು ದಿನ ಇನ್ನೊಂದ್ಸಲ ಬೇಡ ಮಂಜು. ಅವಾಗ್ಲೂ ಏನೋ ಐತೆ ಅಂದ್ರು, ಏನೂ ಇರ್ಲಿಲ್ಲ. ಇದೂ ಹಂಗೇ."

ಹಂಗಲ್ಲ ಅಕ್ಕ. ಅವಾಗ ಅವರು ಏನೂ ಅಂದಿರಲಿಲ್ಲ. ಅಂದವಳು ನಾನು. ಈ ಗಂಟು ಏನೆಂದು ನನಗೆ ಗೊತ್ತಿಲ್ಲ — ಏನೂ ಅಲ್ಲದಿರಬಹುದು, ಇಲ್ಲವೇ — ಯಾವುದಕ್ಕೂ ತೋರಿಸಲೇಬೇಕು.

ಮುಖಕ್ಕೆ ಮುಖ ಕೊಟ್ಟು ಹೇಳೋಣವೆಂದು ಮೂರು ಸಲ ನಿನ್ನ ಕೋಣೆಯ ಬಾಗಿಲಿನವರೆಗೆ ಬಂದು ತಿರುಗಿ ಹೋದೆ, ಅದಕ್ಕೇ ಈ ಕಾಗದ. ಓದಿದ ಮೇಲೆ ನೀನು ನನ್ನ ಮುಖ ನೋಡುವುದಿಲ್ಲ. ನೋಡಬೇಡ. ಕ್ಷಮಿಸು ಎಂದೂ ನಾನು ಕೇಳುತ್ತಿಲ್ಲ. ಮಗಳನ್ನು ಕರೆದುಕೊಂಡು ನಾಳೆಯೇ ಕೋಲಾರಕ್ಕೆ ಹೋಗು. ಡಾಕ್ಟರು ಹೇಳುವುದನ್ನು ನಿನ್ನ ಕಿವಿಯಲ್ಲೇ ಕೇಳು. ನನ್ನ ಬಾಯಿಂದ ಕೇಳಬೇಡ.