ಸಾಯಗಾಂವದ ಬೇವಿನಡಿ ಕಾಲು ತೊಳೆಯುವ ಜ್ಞಾನಮ್ಮ

ಹೊತ್ತು ಇನ್ನೂ ಮೂಡಿಲ್ಲ. ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಹೊರಗೆ, ಬೇವಿನ ಮರದ ಕೆಳಗೆ ತೊಗರಿ ಕಟ್ಟಿಗೆಯ ಒಲೆ ಹೊಗೆಯಾಡುತ್ತಿದೆ. ಹಿಂದಿನ ಸಂಜೆಯ ಬಸ್ಸಿಗೇ ಬಂದಿರುವ ಜ್ಞಾನಮ್ಮ ಹಂಡೆಯ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಾರೆ. ಇಲ್ಲಿಗೆ ಬರುವವರ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಅದನ್ನು ಇವರೇ ತಿಳಿದುಕೊಳ್ಳಬೇಕು. ಬಳಿಕ ಬೋಗುಣಿಯನ್ನು ಮುಂದಕ್ಕೆಳೆದು, ಮಡೆಪ್ಪ ಎಂಬ ಮುದುಕನ ಬಲಗಾಲನ್ನು ಅದರಲ್ಲಿಡುತ್ತಾರೆ.

ಮಡೆಪ್ಪನಿಗೆ ಕುಷ್ಠ. ಹಿಮ್ಮಡಿಗೆ ಜಾಲಿ ಮುಳ್ಳು ಮುರಿದು ಎಂಟು ದಿನವಾದರೂ ಅವನಿಗೆ ಗೊತ್ತಾಗಿಲ್ಲ. "ದಿನಾ ಸಂಜಿಗಿ ಕಾಲು ತಿರುವಿ ನೋಡ್ಕೋ ಅಂತ ಎಷ್ಟು ಸಲ ಹೇಳ್ಲಿ ಮಾವಾ?" ಎಂದು ಜ್ಞಾನಮ್ಮ ಗದರುತ್ತಾರೆ. ಮಡೆಪ್ಪ ನಗುತ್ತಾನೆ.

ನಲವತ್ತೇಳು ವರ್ಷದ ಈ ಹೆಣ್ಣುಮಗಳು ಬೀದರದ ಮಿಷನ್ ದವಾಖಾನೆಯ ಪರವಾಗಿ ಹನ್ನೊಂದು ವರ್ಷದಿಂದ ಹಳ್ಳಿ ತಿರುಗುತ್ತಿದ್ದಾರೆ. ಸೋಮವಾರ, ಗುರುವಾರ ಸಾಯಗಾಂವ. ಮಂಗಳವಾರ, ಶುಕ್ರವಾರ ಮೆಹಕರ. ಬುಧವಾರ ಔರಾದ. ಶನಿವಾರ ಬೀದರಕ್ಕೆ ಹೋಗಿ ಗುಳಿಗೆ, ಔಷಧಿ ತರುವುದು. ಭಾನುವಾರ ಭಾಲ್ಕಿಯಲ್ಲಿ ಚರ್ಚು. ಒಟ್ಟು ಎಪ್ಪತ್ತಮೂರು ರೋಗಿಗಳು; ದಿನಕ್ಕೆ ಇಪ್ಪತ್ತು ಕಾಲುಗಳಾದರೂ ಕೈಗೆ ಬರುತ್ತವೆ. ಗಾಯಕ್ಕೆ ಕಟ್ಟಿ ಬಿಚ್ಚಿದ ಪಟ್ಟಿಗಳನ್ನು ಕುದಿಸಿ, ಒಗೆದು, ಒಣಗಿಸಿ, ಸುತ್ತಿಡುವವರೂ ಅವರೇ.

ಹುಟ್ಟಿದ್ದು ಔರಾದದಲ್ಲಿ. ತಂದೆ ಎಲೀಷ ಚರ್ಚಿನ ಉಪದೇಶಿ. ನಿಜಾಮರ ಕಾಲದ ಸಾಲೆಯಲ್ಲಿ ಉರ್ದು ಕಲಿತರೆ, ಮನೆಯಲ್ಲಿ ತಂದೆ ಸುವಾರ್ತೆಯ ಪುಸ್ತಕ ತೊಡೆಯ ಮೇಲಿಟ್ಟು ಕನ್ನಡ ಅಕ್ಷರ ಕಲಿಸಿದರು. ಮದುವೆಯಾಗಿ ಐದನೆಯ ವರ್ಷಕ್ಕೆ ಗಂಡ, ಸಾಲೆ ಮಾಸ್ತರ ಜೀವನಕುಮಾರ, ಕಾಲರಾದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಜ್ಞಾನಮ್ಮ ಬೀದರದ ದವಾಖಾನೆಯಲ್ಲಿ ಆಯಾ ಆದರು.

"ಆಗ ನಾ ಈ ರೋಗದವರನ್ನ ಮುಟ್ತಿರಲಿಲ್ಲರಿ. ಹೊರಗಿನ ಕಟ್ಟಿ ಮ್ಯಾಲ ಔಷಧಿ ಇಟ್ಟು ಹಿಂದ ಸರೀತಿದ್ದೆ. ಚರ್ಚಿನಾಗ ಮಾತ್ರ ಎಲ್ಲಾರಕಿಂತ ಜೋರಾಗಿ ಹಾಡ್ತಿದ್ದೆ," ಎನ್ನುತ್ತಾರೆ. ಒಂದು ದಿನ ಅಷ್ಟೂರಿನ ಕುತುಬೋದ್ದೀನ ಎಂಬ ರೋಗಿ ಕೇಳಿದನಂತೆ: "ಬಾಯೀ, ಈಸಾ ಮಸೀಹ ನಮ್ಮಂಥೋರಿಗಿ ಕೈಲೆ ಮುಟ್ಯಾರಂತ ನೀವೇ ಹೇಳ್ತೀರಿ. ಅವರ ಹಿಂದ ಹೋಗೋರು ನೀವು, ಇಷ್ಟು ದೂರ ಯಾಕ ನಿಂತೀರಿ?"

"ಅವ ಸಿಟ್ಟಿಲೆ ಕೇಳಿಲ್ಲರಿ. ಖರೇನೇ ತಿಳೀದೆ ಕೇಳ್ದ. ಅವತ್ತು ನನಗ ಊಟ ಹೋಗಲಿಲ್ಲ." ಮರುದಿನ ಬೋಗುಣಿ ಹಿಡಿದು ಹೋದರೆ, ನಾಚಿಕೆಯಿಂದ ಕುತುಬೋದ್ದೀನನೇ ಕಾಲು ಹಿಂದಕ್ಕೆಳೆದುಕೊಂಡ. ಜ್ಞಾನಮ್ಮ ಬಿಡದೆ ತೊಳೆದರು. "ನಮಗ ದೇವರ ಹತ್ರ ಹೋಗೋ ದಾರಿ ಯೇಸುಸ್ವಾಮಿ. ದಾರಿ ಅಂದಮ್ಯಾಲ ನಡೀಬೇಕಲ್ರಿ. ನೋಡ್ಕೋತ ನಿಂತ್ರ ಹ್ಯಾಂಗ?"

ಆ ನಡಿಗೆ ಕಳೆದ ವರ್ಷ ಸಾಯಗಾಂವದಲ್ಲೇ ಕಠಿಣವಾಯಿತು. ಶೇವಂತಾಬಾಯಿ ಎಂಬ ವಿಧವೆಗೆ ರೋಗ ಕಾಣಿಸಿಕೊಂಡಾಗ ಮಗ ನರಸಿಂಗ ಆಕೆಯನ್ನು ಹೊಲದ ಗುಡಿಸಿಲಿಗೆ ಸಾಗಿಸಿದ್ದ. ಎಡಗಾಲಿನ ಗಾಯ ಎಲುಬಿಗಿಳಿದಿತ್ತು. ಎರಡು ತಿಂಗಳು ದಿನವೂ ತೊಳೆದು ಕಟ್ಟದಿದ್ದರೆ ಕಾಲು ಕತ್ತರಿಸಬೇಕಾದೀತು ಎಂದರು ಡಾಕ್ಟರು. ಜ್ಞಾನಮ್ಮ ಊರಲ್ಲೇ ಬಿಡಾರ ಹೂಡಿ, ಬೆಳಗಿನ ಪಟ್ಟಿ ಮುಗಿಸಿಯೇ ಬೇರೆ ಊರಿಗೆ ಹೊರಡತೊಡಗಿದರು.

"ನಮ್ಮವ್ವನ ಜಾತಿ ಕೆಡಸ್ಲಾಕ ಬಂದೀಯೇನು?" ಎಂದು ನರಸಿಂಗ ಅಡ್ಡ ನಿಂತ.

"ಕಾಲು ಕಟ್ಲಾಕ ಬಂದೀನಪ್ಪ. ನನ್ನ ದೇವರ ಸುದ್ದಿ ಕೇಳಿದ್ರ ಹೇಳ್ತೇನಿ. ಕೇಳದಿದ್ರ ಪಟ್ಟಿ ಕಟ್ಟಿ ಹೋಗ್ತೇನಿ."

ಅವನು ದಾರಿ ಬಿಟ್ಟ. ಮೂರು ವಾರದ ಬಳಿಕ ಅವನೇ ಒಂದು ಕಾಗದ ಹಿಡಿದು ಬಂದ. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕಾಗದಗಳು ಕನ್ನಡದಲ್ಲಿ ಬರುತ್ತಿವೆ. ನರಸಿಂಗನಿಗೆ ಉರ್ದು, ಮರಾಠಿ ಬಂದರೂ ಕನ್ನಡ ಓದಲು ಬಾರದು. ಜ್ಞಾನಮ್ಮ ಓದಿದರು. 'ದಿವಂಗತ ಶೇವಂತಾಬಾಯಿ'ಯ ಹೊಲವನ್ನು ಮಗನ ಹೆಸರಿಗೆ ಮಾಡಲಾಗುವುದು, ತಕರಾರಿದ್ದರೆ ಮೂವತ್ತು ದಿನದೊಳಗೆ ತಿಳಿಸಬೇಕು ಎಂದಿತ್ತು. ತಾಯಿ ಸತ್ತಳೆಂದು ಕಚೇರಿಗೆ ಅವನೇ ಅರ್ಜಿ ಬರೆಸಿದ್ದ.

"ಸುಮ್ಮನಿದ್ರ ಕಾಲು ಉಳೀತದ, ಹೇಳಿದ್ರ ಹೊಲ ಉಳೀತದ. ನಡು ಸಿಕ್ಕೊಂಡೆ ನೋಡ್ರಿ. ಆದ್ರ ಸುಳ್ಳು ಮುಚ್ಚಿಟ್ಕೊಂಡು ಯೇಸುಸ್ವಾಮಿ ಹಿಂದ ಹೋಗಲಾಕ ಬರಲ್ಲ." ಅವರು ನರಸಿಂಗನಿಗೇ ಮೊದಲು ಹೇಳಿದರು: "ಇದನ್ನ ನಿಮ್ಮವ್ವಗ ಹೇಳ್ತೇನಿ. ಕದ್ದು ಹೇಳಂಗಿಲ್ಲ." ಅವನು ಕಾಗದವನ್ನು ಅಲ್ಲೇ ಎಸೆದು, ಬೋಗುಣಿಗೆ ಒದ್ದು, ಹೊಲದಲ್ಲಿ ಕಾಲಿಟ್ಟರೆ ನೋಡು ಎಂದು ಹೋದ.

ನಾಲ್ಕು ದಿನ ಜ್ಞಾನಮ್ಮ ಬಂದು ಬದುವಿನಾಚೆ ನಿಂತು ವಾಪಸಾದರು. ಐದನೆಯ ದಿನ ಶೇವಂತಾಬಾಯಿ ಕೋಲೂರಿಕೊಂಡು ಬದುವಿಗೆ ಬಂದು, ಕಾಲನ್ನು ಈಚೆ ಚಾಚಿ ಕೂತರು. ಜ್ಞಾನಮ್ಮ ಅಲ್ಲೇ ಪಟ್ಟಿ ಬಿಚ್ಚುತ್ತ ಸಂಗತಿ ತಿಳಿಸಿದರು. ನಡೆಯಲು ಬಂದ ಮೇಲೆ ತಾನೇ ಕಚೇರಿಗೆ ಹೋಗುತ್ತೇನೆ ಎಂದರಂತೆ ಮುದುಕಿ.

ಗಡುವಿಗೆ ಎರಡು ದಿನ ಉಳಿದಿರುವಾಗ ಇಬ್ಬರೂ ಭಾಲ್ಕಿಗೆ ಹೋದರು. ಬದುವಿನ ಮೇಲೇ ದಿನವೂ ಪಟ್ಟಿ ಕಟ್ಟಿದ್ದರಿಂದ ಗಾಯ ಅಷ್ಟರಲ್ಲಿ ಕೂಡುತ್ತ ಬಂದಿತ್ತು. ಕಚೇರಿಯಲ್ಲಿ ಶೇವಂತಾಬಾಯಿ ಕಾಗದ ಮುಂದಿಟ್ಟು, "ಇದರಾಗ ಸತ್ತಾಕಿ ನಾನೇರಿ. ನೋಡ್ರಿ," ಎಂದರು. ಗುಮಾಸ್ತ ಕುರ್ಚಿ ಹಿಂದಕ್ಕೆ ಸರಿಸಿದ. ಆಮೇಲೆ ಮಸಿಯ ಡಬ್ಬಿ ತಾನೇ ಮುಂದಕ್ಕೆ ತಳ್ಳಿ ಹೆಬ್ಬೆಟ್ಟು ಒತ್ತಿಸಿಕೊಂಡ. ಹೊಲ ಆಕೆಯ ಹೆಸರಿನಲ್ಲೇ ಉಳಿಯಿತು.

ಈಗ ಶೇವಂತಾಬಾಯಿ ಗುಡಿಸಿಲು ಬಿಟ್ಟು ಮಗನ ಮನೆಯ ಪಡಸಾಲೆಯಲ್ಲಿದ್ದಾರೆ. ತಾಟು ಬೇರೆ, ಹಾಸಿಗೆ ಬೇರೆ. "ಹೊಲ ಮಗನಿಗೇ ಕೊಡ್ತೇನಿ. ಆದ್ರ ಜೀವ ಇದ್ದಾಗ ನನ್ನ ಕೈಯಾರ ಕೊಡ್ತೇನಿ," ಎನ್ನುತ್ತಾರೆ. ನರಸಿಂಗ ಜ್ಞಾನಮ್ಮನ ಕೂಡ ಇವತ್ತಿಗೂ ಮಾತಾಡುವುದಿಲ್ಲ.

ಶೇವಂತಾಬಾಯಿ ಈಗಲೂ ವಿಠೋಬನ ಭಕ್ತೆ. ಆಕೆ ನಿಮ್ಮ ದಾರಿಗೆ ಬರಲಿ ಎಂಬ ಆಸೆಯಿಲ್ಲವೇ ಎಂದರೆ ಜ್ಞಾನಮ್ಮ ಮುಚ್ಚುಮರೆ ಮಾಡುವುದಿಲ್ಲ. "ಇಲ್ಲ ಅಂದ್ರ ಸುಳ್ಳಾಗ್ತದರಿ. ನನಗ ಸಿಕ್ಕಿದ್ದು ಆಕಿಗೂ ಸಿಗಲಿ ಅಂತ ದಿನಾ ಪ್ರಾರ್ಥನಾ ಮಾಡ್ತೇನಿ. ಆದ್ರ ಪಟ್ಟಿಗೂ ಅದಕೂ ಗಂಟು ಹಾಕಂಗಿಲ್ಲ."

ಬಿಸಿಲೇರಿದೆ. ಕೊನೆಯವರೂ ಎದ್ದು ಹೋಗಿದ್ದಾರೆ. ಜ್ಞಾನಮ್ಮ ಮೊಣಕಾಲು ಹಿಡಿದು ನಿಧಾನವಾಗಿ ಏಳುತ್ತಾರೆ. ಈ ಕೆಲಸಕ್ಕೆ ಏನಾದರೂ ಬೇಕೇ ಎಂದು ನಾನು ಕೇಳಿದೆ.

"ಔರಾದ ಕಡಿ ಹಳ್ಳಿಗೋಳು ಭಾಳ ಉಳದಾವರಿ. ಆ ಕಡಿಗಿ ಇನ್ನೊಬ್ಬಾಕಿ ಬೇಕು. ಭಾಳ ಸಾಲಿ ಕಲ್ತಿರಬೇಕಂತಿಲ್ಲ. ನೆಲದ ಮ್ಯಾಲ ಕುಂದ್ರಲಾಕ ಬಂದ್ರ ಸಾಕು."