ಅಂಗಳದ ನಡುವಿನ ಗುದ್ದಲಿ ಕಾವು

ನಮ್ಮ ವಿಹಾರದ ಗೋಡೆಯಲ್ಲಿ ಸ್ಥಾಪಕರ ಹೆಸರಿನ ಅಮೃತಶಿಲೆಯೊಂದಿದೆ. ಹನ್ನೊಂದು ಹೆಸರು, ಹನ್ನೊಂದೂ ರೈಲ್ವೆ ಗುಮಾಸ್ತರದು. ಸಿಂಹಳದಿಂದ ಹಡಗು ಹತ್ತಿ ಮಲಯಕ್ಕೆ ಬಂದ ಈ ಮಹನೀಯರು ವಿಹಾರ ಕಟ್ಟಿದ್ದು ಕುರ್ಚಿಯಲ್ಲಿ ಕೂತು. ಪಾಯ ಅಗೆದವನು ಹಳಿ ರಿಪೇರಿಯ ಕೂಲಿ ಜುವಾನಿಸ್. ಅವನ ಹೆಸರಿಗೆ ಕಲ್ಲಿನಲ್ಲಿ ಜಾಗ ಸಾಲಲಿಲ್ಲವಂತೆ. ಬುದ್ಧನ ಕರುಣೆಗೆ ಮಿತಿಯಿಲ್ಲ, ಕಲ್ಲಿಗೆ ಇತ್ತು, ಪಾಪ.

ಅವನ ಹೆಂಡತಿ ಪೊಡಿನೋನಾ ಅಕ್ಕ ಸ್ಟೇಷನ್ ಹಿಂದೆ ಅಕ್ಕಿಹಿಟ್ಟಿನ ಆಪ್ಪ ಸುಟ್ಟು ಮಾರುತ್ತಿದ್ದಳು. ಜಪಾನಿನವರು ಬಂದ ವರ್ಷ ಜುವಾನಿಸ್ ಜ್ವರದಲ್ಲಿ ಸತ್ತ. ಸತ್ತ ವರ್ಷದ ದಿನ ವಿಹಾರದ ಭಿಕ್ಷು ಭಂತೆಯವರಿಗೆ ಉಣಬಡಿಸಿ, ಆ ಪುಣ್ಯವನ್ನು ಗಂಡನಿಗೆ ಮುಟ್ಟಿಸಬೇಕು. ಊರೆಲ್ಲ ಮರಗೆಣಸು ತಿನ್ನುತ್ತಿದ್ದ ಕಾಲದಲ್ಲಿ ಅವಳು ಹಿಡಿ ಹಿಡಿಯಾಗಿ ಅಕ್ಕಿ ಕೂಡಿಟ್ಟಳು.

ಭಿಕ್ಷುಗಳು ಮಧ್ಯಾಹ್ನ ದಾಟಿದ ಮೇಲೆ ಉಣ್ಣುವಂತಿಲ್ಲ. ಜಪಾನಿನವರೋ, ಬಂದವರೇ ಎಲ್ಲ ಗಡಿಯಾರಗಳನ್ನೂ ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ ಟೋಕಿಯೋಗೆ ಹೊಂದಿಸಿದ್ದರು. ನಮ್ಮ ವಿಹಾರ ಸಮಿತಿಯ ಅಧ್ಯಕ್ಷ ಕರೋಲಿಸ್ ಮಹತ್ತಯ ಸ್ಟೇಷನ್ನಿನ ಹೆಡ್ ಗುಮಾಸ್ತರು. ಬುದ್ಧ, ಧರ್ಮ, ಸಂಘ ಆದಮೇಲೆ ಅವರಿಗೆ ಗಡಿಯಾರವೇ ಶರಣು. ಹೀಗಾಗಿ ಭಂತೆಯವರು ಹಸಿವಾಗುವ ಮೊದಲೇ ಊಟ ಮುಗಿಸಿ, ಮಾರನೆಯ ದಿನದವರೆಗೆ ನೀರು ಕುಡಿದುಕೊಂಡಿದ್ದರು. ಸಮಿತಿಯ ಅನ್ನ ಉಣ್ಣುವವರು, ಬಾಯಿ ಬಿಡುವುದೆಲ್ಲಿ?

ಮನೆಯಲ್ಲಿ ಗಡಿಯಾರವಿಲ್ಲದ ಅಕ್ಕ ಬಿಸಿಲು ನೋಡಿಕೊಂಡು ಅನ್ನದ ಗಡಿಗೆ ಹೊತ್ತು ಬಂದಳು. ವಿಹಾರದ ಗಡಿಯಾರದಲ್ಲಿ ಆಗಲೇ ಹನ್ನೆರಡೂವರೆ.

"ಹೊತ್ತು ಮೀರಿತಲ್ಲಮ್ಮ. ವಾಪಸ್ ತಗೊಂಡ್ಹೋಗು," ಅಂದರು ಕರೋಲಿಸ್.

"ಏನ್ ಮಹತ್ತಯಾ, ಸೂರ್ಯನೂ ನಿಮ್ಮ ಆಫೀಸಲ್ಲೇ ಕೆಲಸಕ್ಕಿದಾನಾ? ಇನ್ನೂ ನೆತ್ತಿಗೇ ಬಂದಿಲ್ಲ!"

"ನಿಯಮ ಅಂದ್ರೆ ನಿಯಮ."

"ಇವತ್ತು ಭಂತೆ ಉಣ್ಣದಿದ್ರೆ ನಮ್ಮನೆಯವರಿಗೆ ಏನ್ ಮುಟ್ಟತ್ತೆ? ನಿಮ್ಮ ನಿಯಮಾನಾ?"

ಮನೆಗೆ ಓಡಿದಳು. ಜುವಾನಿಸ್ ಪಾಯ ಅಗೆದ ಗುದ್ದಲಿಯ ಕಾವು ಕಿತ್ತು ತಂದು ವಿಹಾರದ ಅಂಗಳದ ನಡುವೆ ನೆಟ್ಟಳು. ನೆರಳು ಪಡುವಣಕ್ಕೆ ಉದ್ದಕ್ಕೆ ಬಿತ್ತು.

"ನೀವೇ ನೋಡಿ ಭಂತೇ, ಮಧ್ಯಾಹ್ನ ಆಯ್ತಾ ಇದು?"

ಭಂತೆಯವರು ನೆರಳು ನೋಡಿದರು, ಅಧ್ಯಕ್ಷರನ್ನು ನೋಡಿದರು, ಅನ್ನ ನೋಡಿದರು. ಕೂತು ಪಾತ್ರೆ ಮುಂದಿಟ್ಟರು. ಎರಡನೇ ಸಲವೂ ಹಾಕಿಸಿಕೊಂಡರು. ಯುದ್ಧ ಮುಗಿಯುವವರೆಗೂ ಆ ಕೋಲು ನೋಡಿಯೇ ಉಂಡರು.

ವಿಹಾರದ ಇಪ್ಪತ್ತೈದನೆಯ ವರ್ಷಕ್ಕೆ ಸಮಿತಿಯವರು ಆ ಕಾವಿಗೆ ವಾರ್ನಿಶ್ ಹೊಡೆಸಿದರು. ಸ್ಮರಣ ಸಂಚಿಕೆಯಲ್ಲಿ ಫೋಟೋ, ಅಡಿಯಲ್ಲಿ ಸಾಲು: ‘ಅಧ್ಯಕ್ಷ ಕರೋಲಿಸರು ಸ್ಥಾಪಿಸಿದ ನೆರಳುಗಂಬ’. ನನಗೆ ಮೈಯೆಲ್ಲ ಉರಿಯಿತು. ಸಂಚಿಕೆ ಹಿಡಿದುಕೊಂಡು ನೇರ ಅಕ್ಕನ ಮನೆಗೆ ಹೋದೆ.

ಅಕ್ಕ ಫೋಟೋ ಮೇಲೆ ಬೆರಳಾಡಿಸಿದಳು. "ಬರ್ಕೊಳ್ಳಲಿ ಬಿಡು. ನಮ್ಮನೆಯವರಿಗೆ ಜಾಗ ಇಲ್ಲ ಅಂದಿದ್ರಲ್ಲ, ಈಗ ಅಂಗಳದ ನಡುಮಧ್ಯ ನಿಲ್ಲಿಸ್ಕೊಂಡಿದಾರೆ. ಇಲ್ನೋಡು, ಹಿಡಿಯೋ ಕಡೆ ಸವೆದಿದೆಯಲ್ಲ, ಅದು ಅವರ ಕೈ."